ನಮ್ಮೂರಿಗೆ ನಾವೇ ಬೀಗರು

ಬೀಗರು ಬಂದಾಗ ಊರು ತೋರಿಸುವುದು ನಮ್ಮ ಕಡೆಯಲ್ಲಿ ಒಂದು ಮರ್ಯಾದೆ. ಉಂಡು, ಎಲೆಯಡಿಕೆ ಹಾಕಿಕೊಂಡು, ಒಂದು ಗಳಿಗೆ ಅಡ್ಡಾಗಿ ಎದ್ದ ಮೇಲೆ "ಬರ್ರಿ, ಒಂದೀಟು ಅಡ್ಡಾಡಿ ಬರೂಣು" ಎಂದು ಕರೆಯದೆ ಹೋದರೆ ಬಂದವರಿಗೆ ಉಂಡದ್ದು ಅರಗುವುದಿಲ್ಲ. ಆದರೆ ಸವಣೂರಿನಲ್ಲಿ ಈ ಮರ್ಯಾದೆ ಒಂದು ವಿಚಿತ್ರ ರೂಪವನ್ನು ತಾಳಿದೆ. ನಾವು ಬೀಗರನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರಿನಿಂದ ಹೊರಗೆ ಒಯ್ಯುತ್ತೇವೆ. ಗೊಟಗೋಡಿಯ ರಾಕ್ ಗಾರ್ಡನ್ನು, ಬಂಕಾಪುರದ ಕೋಟೆಯೊಳಗಿನ ನವಿಲುಗಳು, ಕನಕದಾಸರ ಬಾಡ, ಶರೀಫಜ್ಜನ ಶಿಶುವಿನಹಾಳ, ಇವನ್ನೆಲ್ಲ ಸುತ್ತಿಸಿ, ಸಂಜೆ ತಿರುಗಿ ಬಂದು, ಎರಡು ಪೊಟ್ಟಣ ಖಾರಾ ಕಟ್ಟಿಸಿ ಕೈಗಿತ್ತು ಬಸ್ಸು ಹತ್ತಿಸುತ್ತೇವೆ. ಖಾರಾದ ಪೊಟ್ಟಣ ಕೈಗೆ ಬಂದರೆ ಸವಣೂರನ್ನು ನೋಡಿದಂತಾಯಿತು!

ಹದಿನಾಲ್ಕು ವರ್ಷಗಳ ಹಿಂದೆ ಸೊಸೆಯಾಗಿ ಈ ಊರಿಗೆ ಬಂದ ನನಗೂ ಊರು ಪರಿಚಯವಾದದ್ದು ಇದೇ ಬಗೆಯಲ್ಲಿ. ಮನೆ, ಗುಡಿ, ಸಂತೆ, ದವಾಖಾನೆ, ಮಕ್ಕಳಾದ ಮೇಲೆ ಶಾಲೆ, ಇವುಗಳ ನಡುವಿನ ದಾರಿಯೇ ನನ್ನ ಪಾಲಿನ ಸವಣೂರು. ಉಳಿದದ್ದನ್ನು ಕೇಳಲು ನನಗೆ ಪುರಸೊತ್ತಿರಲಿಲ್ಲ. ಹೇಳಲು ಮನೆಯವರಿಗೆ ಅದರಲ್ಲಿ ಹೇಳುವಂಥದೇನೂ ಕಾಣುತ್ತಿರಲಿಲ್ಲ.

ಹೀಗಿರುವಾಗ, 2024ರ ಆರಂಭದಲ್ಲಿ, ಐದನೆಯ ಇಯತ್ತೆಯಲ್ಲಿದ್ದ ನನ್ನ ಮಗಳಿಗೆ ಶಾಲೆಯಲ್ಲಿ "ನನ್ನ ಊರು" ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಅವಳು ಬರೆದಳು. ಊರಿನ ಹೆಸರು, ತಾಲೂಕು, ಜಿಲ್ಲೆ, ಬಸ್ ನಿಲ್ದಾಣ, ಸಂತೆ, ಇಷ್ಟಾದ ಮೇಲೆ ಹೊಸ ಪ್ಯಾರಾದಲ್ಲಿ, "ನಮ್ಮ ಊರಿನಲ್ಲಿ ನೋಡುವಂಥದು ಏನೂ ಇಲ್ಲ. ಆದ್ದರಿಂದ ನಾನು ಹಂಪಿಯ ಬಗ್ಗೆ ಬರೆಯುತ್ತೇನೆ" ಎಂದು ಆರಂಭಿಸಿ ಎರಡು ಪುಟ ಹಂಪಿಯನ್ನು ವರ್ಣಿಸಿದ್ದಳು. ಹತ್ತಕ್ಕೆ ಏಳು ಅಂಕಗಳೂ ಬಂದಿದ್ದುವು.

ನಮ್ಮ ಮಾವನವರು ನಿವೃತ್ತ ಶಿಕ್ಷಕರು. ಎಂಬತ್ತರ ಹೊಸ್ತಿಲಲ್ಲಿದ್ದರೂ ಕೈಯಲ್ಲಿ ಇನ್ನೂ ಕೆಂಪು ಪೆನ್ಸಿಲು. ನೋಟುಬುಕ್ಕನ್ನು ತರಿಸಿ ಓದಿದರು. ಎರಡು ಕಡೆ ಒತ್ತಕ್ಷರ ತಿದ್ದಿದರು. "ಏನೂ ಇಲ್ಲ" ಎಂಬುದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪುಸ್ತಕ ಮುಚ್ಚಿದರು. ಮಾತನಾಡಲಿಲ್ಲ.

ಆ ಚಿಹ್ನೆಯ ಭಾರ ನಮಗೆ ಮಾತ್ರ ಗೊತ್ತು. ನಮ್ಮವರಿಗೆ ಬೆಂಗಳೂರಿಗೆ ವರ್ಗವಾಗಿತ್ತು. ಜೂನಿನಲ್ಲಿ ಮಕ್ಕಳನ್ನು ಕರೆದುಕೊಂಡು ನಾವು ಊರು ಬಿಡುವುದೆಂದು ನಿಶ್ಚಯವಾಗಿತ್ತು. ಮಾವನವರೂ ಅತ್ತೆಯವರೂ ಬರುವುದಿಲ್ಲವೆಂದು ಖಂಡಿತವಾಗಿ ಹೇಳಿಬಿಟ್ಟಿದ್ದರು. ಮೊಮ್ಮಗಳು ಹೋಗುವಾಗ ಈ "ಏನೂ ಇಲ್ಲ" ಎಂಬುದನ್ನೇ ಗಂಟುಕಟ್ಟಿಕೊಂಡು ಹೋಗುತ್ತಾಳಲ್ಲ ಎಂಬುದು ಆ ಹಿರಿಯರ ಮನಸ್ಸಿಗೆ ತಾಗಿರಬೇಕು. ರಾತ್ರಿ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತ, "ಬರೂ ಐತವಾರ ಊರು ನೋಡಾಕ ಹೋಗೂದೈತಿ. ಎಲ್ಲಾರೂ ಬರಬೇಕು" ಎಂದು ಸಾರಿದರು.

"ಯಾವ ಊರಿಗೆ ಅಜ್ಜಾ?" ಎಂದ ಆರು ವರ್ಷದ ಮಗ.

"ಸವಣೂರಿಗೆ."

ನಮ್ಮವರು ಕಾರು ತೆಗೆಯುತ್ತೇನೆಂದರು. ಮಾವನವರು ಒಪ್ಪಲಿಲ್ಲ. "ಗಾಡ್ಯಾಗ ಕುಂತು ನೋಡಿದ್ರ ಅಂಗಡಿ ಬೋರ್ಡು ಕಾಣ್ತಾವಪಾ, ಊರು ಕಾಣಂಗಿಲ್ಲ." ಕಡೆಗೆ ಒಪ್ಪಂದವಾದದ್ದು ಹೀಗೆ: ನಾವೆಲ್ಲರೂ ನಡೆದು ಹೋಗುವುದು, ಮೊಣಕಾಲು ನೋವಿನ ಅತ್ತೆಯವರು ಮಧ್ಯಾಹ್ನಕ್ಕೆ ಬುತ್ತಿಯ ಗಂಟಿನೊಡನೆ ರಿಕ್ಷಾ ಮಾಡಿಕೊಂಡು ನೇರವಾಗಿ ದೊಡ್ಡ ಹುಣಸೆಮರದ ಕೆಳಗೆ ಬರುವುದು.

ಐತವಾರ ಬಿಸಿಲೇರುವ ಮೊದಲೇ ಹೊರಟೆವು. ಊರಿನ ಹೆಸರಿನಿಂದಲೇ ಪಾಠ ಮೊದಲಾಯಿತು. ಶ್ರಾವಣದಲ್ಲಿ ಕಟ್ಟಿದ ಊರಾದ್ದರಿಂದ ಸವಣೂರೆಂದು ಕೆಲವರು ಹೇಳುತ್ತಾರೆ. ಸವಣನೆಂದರೆ ಹಳಗನ್ನಡದಲ್ಲಿ ಜೈನ ಸನ್ಯಾಸಿ, ಅವರಿದ್ದ ಊರು ಇದು ಎಂದು ಕೆಲವರು. ಮಾವನವರು ಸವಣರ ಪಕ್ಷ. ಮಗ ಶ್ರಾವಣದ ಪಕ್ಷ, ಏಕೆಂದರೆ ಶ್ರಾವಣದಲ್ಲಿ ಹೋಳಿಗೆ ಇರುತ್ತದೆ.

"ಈ ಊರಿಗೆ ಸುತ್ತಲೂ ಕಂದಕ ಇತ್ತು. ಎಂಟು ಅಗಸಿ ಇದ್ವು" ಎಂದರು ಮಾವನವರು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲಿ ಈ ಎಂಟು ಬಾಗಿಲುಗಳ ಲೆಕ್ಕ ದಾಖಲಾಗಿದೆ. ಆಗಲೇ ಎಂಟರಲ್ಲಿ ಮೂರು ಹಾಳಾಗಿದ್ದುವಂತೆ. ಮಗನಿಗೆ ಅಷ್ಟು ಸಾಕಾಯಿತು. ಎಂಟನ್ನೂ ಹುಡುಕಿಯೇ ತೀರುವೆನೆಂದು ಹೊರಟ. ಎರಡು ಗೋಡೆಗಳ ನಡುವೆ ಒಂದಿಷ್ಟು ಅಗಲವಾದ ದಾರಿ ಕಂಡರೆ ಸಾಕು, ನಡುವೆ ಸೆಟೆದು ನಿಂತು, ಕೋಲನ್ನು ಅಡ್ಡ ಹಿಡಿದು, "ಯಾರು? ಚೀಟಿ ತೋರ್ಸು!" ಎನ್ನುವನು. ಒಬ್ಬ ತರಕಾರಿಯವರು ನಿಜವಾಗಿಯೂ ತಳ್ಳುಗಾಡಿ ನಿಲ್ಲಿಸಿ, ಒಂದು ಗಜ್ಜರಿಯನ್ನು ಸುಂಕವಾಗಿ ಕೊಟ್ಟು ಮುಂದೆ ಹೋದರು. ಎಂಟು ಅಗಸಿಗಳು ನಮಗೆ ಸಿಕ್ಕಲಿಲ್ಲ. ಅವನ ಲೆಕ್ಕದಲ್ಲಿ ಹದಿಮೂರು ಸಿಕ್ಕವು.

ಒಂದು ಹಳೆಯ ಗೋಡೆಯ ನೆರಳಿನಲ್ಲಿ ಕುಳಿತಾಗ ನವಾಬರ ಕಥೆ ಬಂದಿತು. ಸವಣೂರಿನ ನವಾಬರು ಮಿಯಾನ ಪಠಾಣರು. ಬಿಜಾಪುರದ ಆದಿಲಶಾಹಿಯ ಸರದಾರರಾಗಿದ್ದವರು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಅಬ್ದುಲ್ ರವೂಫ್ ಖಾನನು ಔರಂಗಜೇಬನ ಸೇವೆಗೆ ಸೇರಿದನು. ಬಂಕಾಪುರದಲ್ಲಿದ್ದ ಗದ್ದಿಗೆ ಸವಣೂರಿಗೆ ಬಂದಿತು. ಇಷ್ಟನ್ನು ಮಕ್ಕಳು ಗಜ್ಜರಿ ಕಡಿಯುತ್ತ ಕೇಳಿದರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತ್ ಜಂಗನೂ ಕೂಡಿ ಈ ಊರಿಗೆ ಮುತ್ತಿಗೆ ಹಾಕಿದರೆಂದಾಗ ಕಡಿಯುವುದು ನಿಂತಿತು. ಫ್ರೆಂಚರ ಬುಸ್ಸಿ ತೋಪುಗಳನ್ನು ತಂದಿದ್ದನೆಂದಾಗ ಮಗ ಎದ್ದು ನಿಂತ.

"ಫ್ರೆಂಚ್ ಮಂದಿ ಸವಣೂರಿಗೆ ಬಂದಿದ್ರಾ?"

"ಬಂದಿದ್ರಪಾ. ಖಾರಾ ತಿನ್ನಾಕ ಅಲ್ಲ."

ಆದರೆ ಮಗಳನ್ನು ಹಿಡಿದು ನಿಲ್ಲಿಸಿದ್ದು ತೋಪಲ್ಲ, ಮದುವೆ. ಹೈದರಾಲಿಯು ಈ ನಾಡನ್ನು ತನ್ನ ಕಡೆಗೆ ಕಟ್ಟಿಕೊಳ್ಳಲು 1779ರಲ್ಲಿ ನವಾಬ ಅಬ್ದುಲ್ ಹಕೀಮ ಖಾನನೊಡನೆ ಬೀಗತನ ಮಾಡಿದನು. ಅದೂ ಒಂದಲ್ಲ, ಎರಡು ಮದುವೆ. ಹೈದರನ ಮಗಳು ನವಾಬನ ಹಿರಿಯ ಮಗ ಅಬ್ದುಲ್ ಖೈರ್ ಖಾನನಿಗೆ. ನವಾಬನ ಮಗಳು ಹೈದರನ ಎರಡನೆಯ ಮಗ ಕರೀಮ ಸಾಹೇಬನಿಗೆ. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ನಮ್ಮ ಕಡೆಯ ಒಕ್ಕಲು ಮನೆತನಗಳಲ್ಲಿ ಹೊಲ ಹರಿಯಬಾರದೆಂದು ಮಾಡುವ ಏರ್ಪಾಟನ್ನೇ ಅವರು ಸೀಮೆ ಹರಿಯಬಾರದೆಂದು ಮಾಡಿದರು. ಆದರೇನು? ಏಳು ವರ್ಷ ಕಳೆಯುವಷ್ಟರಲ್ಲಿ, 1786ರಲ್ಲಿ, ಮರಾಠರೂ ನಿಜಾಮನೂ ಒಂದು ಕಡೆ, ಹೈದರನ ಮಗ ಟೀಪು ಇನ್ನೊಂದು ಕಡೆ. ನವಾಬನು ಮರಾಠರ ಪಕ್ಷ ಹಿಡಿದನು. ಟೀಪು ಸವಣೂರನ್ನು ವಶಪಡಿಸಿಕೊಂಡನು. ನವಾಬ ಊರು ಬಿಟ್ಟು ಹೋಗಬೇಕಾಯಿತು.

ಮಗಳು ಬೆರಳು ಮಡಿಚಿ ಸಂಬಂಧ ಕೂಡಿಸಿದಳು. "ಅಂದ್ರ, ಸೊಸಿಯ ತವರಮನಿಯವ್ರs ದಂಡು ತಗೊಂಡು ಬಂದ್ರು. ಆ ಸೊಸಿ ಯಾರ ಕಡಿ ಇದ್ಲು ಅಜ್ಜಾ?"

ಮಾವನವರು ನಕ್ಕರು. "ನಿಮ್ಮವ್ವನ್ನ ಕೇಳವಾ. ಆಕೀನೂ ಸೊಸಿ."

ಎಲ್ಲರೂ ನನ್ನ ಮುಖ ನೋಡಿದರು. ರಾಜಕಾರಣದಲ್ಲಿ ನನಗೆ ಗತಿಯಿಲ್ಲ. ಆದರೆ ಕೋಟೆಯ ಹೊರಗೆ ತವರಿನ ಅಣ್ಣತಮ್ಮಂದಿರ ತೋಪು, ಒಳಗೆ ಗಂಡನ ಮನೆಯ ಗಡಿಬಿಡಿ, ಆ ಹೊತ್ತಿನಲ್ಲಿ ಆ ಹೆಣ್ಣುಮಗಳು ಅಂದಿನ ಅಡಿಗೆಗೆ ಏನೆಂದು ಹೇಳಿ ಕಳಿಸಿರಬಹುದು ಎಂಬುದೇ ನನಗೆ ಮೊದಲು ಹೊಳೆಯಿತು. "ಎರಡೂ ಕಡಿ ಇದ್ದಿರ್ತಾಳ" ಎಂದೆ. ಮಗಳಿಗೆ ಈ ಉತ್ತರ ಸಾಲಲಿಲ್ಲ. ನಮ್ಮವರು ಮಾತ್ರ ತುಸು ಗಂಭೀರರಾದಂತೆ ಕಂಡರು.

ಆ ಸಂಸ್ಥಾನ ಉಳಿದದ್ದು ಎಪ್ಪತ್ತು ಚದರ ಮೈಲುಗಳಷ್ಟು ಸಣ್ಣದಾಗಿ, ಆದರೂ ಉಳಿಯಿತು. ಕೊನೆಯ ನವಾಬ ಅಬ್ದುಲ್ ಮಜೀದ ಖಾನರ ಕಾಲದಲ್ಲಿ, 1948ರ ಮಾರ್ಚ್ 8ರಂದು, ಅದು ಭಾರತದಲ್ಲಿ ವಿಲೀನವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿಂದ ಮುಂದಿನದು ಚರಿತ್ರೆಯಲ್ಲ, ನಮ್ಮ ಮಾವನವರ ಜಾತಕ. ಅವರು ಹುಟ್ಟಿದ್ದು 1944ರಲ್ಲಿ, ನವಾಬರ ಪ್ರಜೆಯಾಗಿ. ನಾಲ್ಕು ವರ್ಷಕ್ಕೆ ಮುಂಬಯಿಯವರಾದರು. 1956ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಮೈಸೂರು ರಾಜ್ಯದವರಾದರು. 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಹಾವೇರಿ ಜಿಲ್ಲೆ ಬಂದಿತು.

"ಅಜ್ಜಾ, ನೀ ಎಷ್ಟು ಊರಾಗ ಇದ್ದೀಯಲ್ಲಾ!" ಎಂದು ಮಗ ಬೆರಗಾದ.

"ಒಂದs ಮನ್ಯಾಗ ಇದ್ದೇನಪಾ. ಹೊಸ್ತಿಲಾ ಸೈತ ಬದಲಾಗಿಲ್ಲ. ಹೊರಗಿನ ಹೆಸರು ಬದಲಾದ್ವು."

ಮಜೀದ ಹೈಸ್ಕೂಲಿನ ಮುಂದೆ ಮಾವನವರು ಕಾಲ್ಮರಿ ಕಳಚುವವರಂತೆ ಒಂದು ಕ್ಷಣ ತಡೆದು, ಮತ್ತೆ ಸಾವರಿಸಿಕೊಂಡರು. ಅವರೂ ಓದಿದ್ದು ಅಲ್ಲಿಯೇ. ಆದರೆ ಅವರು ಹೇಳಬೇಕೆಂದಿದ್ದುದು ತಮ್ಮ ಮಾತನ್ನಲ್ಲ. 1909ರ ಆಗಸ್ಟ್ 9ರಂದು ಈ ಊರಿನಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಕಲಿತ ಒಬ್ಬ ಹುಡುಗ ಧಾರವಾಡಕ್ಕೆ ಹೋಗಿ ಬೇಂದ್ರೆಯವರ ಗೆಳೆಯರ ಗುಂಪನ್ನು ಸೇರಿದ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷು ಓದಿ ಮೊದಲ ದರ್ಜೆ ಪಡೆದ, ಕನ್ನಡದಲ್ಲಿ "ಭಾರತ ಸಿಂಧು ರಶ್ಮಿ"ಯಂಥ ಮಹಾಕಾವ್ಯ ಬರೆದ, 1990ರ ಜ್ಞಾನಪೀಠ ಪ್ರಶಸ್ತಿ ಪಡೆದ. ವಿನಾಯಕ ಕೃಷ್ಣ ಗೋಕಾಕರು. ಜೀವಮಾನವೆಲ್ಲ ಇಂಗ್ಲಿಷು ಕಲಿಸಿದ ಈ ಪ್ರಾಧ್ಯಾಪಕರೇ, ಕನ್ನಡ ಮಕ್ಕಳಿಗೆ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟರು. ಮರುವರ್ಷ ಆ ವರದಿಯ ಜಾರಿಗಾಗಿ ನಾಡೆಲ್ಲ ಬೀದಿಗಿಳಿಯಿತು.

"ಗೋಕಾಕ ಚಳವಳಿ ಅಂದ್ರ ಗೋಕಾಕ ಊರಾಗ ಆಗಿದ್ದಲ್ಲಾ?" ಎಂದು ಮಗಳು ಕೇಳಿದಳು. ಓದುಗರು ನಗಬಾರದು, ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಬೆಂಗಳೂರಿನಲ್ಲಿ ನಾವು ಗೊತ್ತುಮಾಡಿದ್ದ ಶಾಲೆಯಲ್ಲಿ ಕನ್ನಡ ಎಷ್ಟನೆಯ ಭಾಷೆಯೆಂದು ಮಾವನವರು ಆಗ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು.

ಅಲ್ಲಿಂದ ಪೇಟೆಯ ಕಡೆಗೆ ನಡೆದೆವು. ಪುರಸಭೆಯ ಕಟ್ಟಡದ ಎದುರಿಗೆ ಮಾವನವರು ನಿಂತರು. ಇಲ್ಲೇನು ನೋಡುವುದೆಂದು ನಮಗೆ ತಿಳಿಯಲಿಲ್ಲ. ಅವರು ನಿಧಾನವಾಗಿ, ತರಗತಿಯಲ್ಲಿ ಕಷ್ಟದ ಪಾಠ ಹೇಳುವ ದನಿಯಲ್ಲಿ, 2010ರ ಜುಲೈ ತಿಂಗಳಿನ ಸಂಗತಿಯನ್ನು ಹೇಳತೊಡಗಿದರು. ತಲೆಮಾರುಗಳಿಂದ ಈ ಊರಿನ ಮಲ ಬಳಿದು ಹೊತ್ತ ಕುಟುಂಬಗಳವರು, ತಾವು ಬಹುಕಾಲದಿಂದ ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂಬ ಸಂಕಟಕ್ಕೆ, ಎಲ್ಲರ ಕಣ್ಣೆದುರಿಗೆ, ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ನಿಂತರು. ದೇಶದ ಪತ್ರಿಕೆಗಳಲ್ಲೆಲ್ಲ ಸವಣೂರಿನ ಹೆಸರು ಬಂದದ್ದು ಆಗ. ಈ ಕೆಲಸವನ್ನು ಮನುಷ್ಯರಿಂದ ಮಾಡಿಸಕೂಡದೆಂಬ ಕಾನೂನು ಬಂದದ್ದು 1993ರಲ್ಲಿ. ಇನ್ನಷ್ಟು ಬಿಗಿಯಾದ ಕಾನೂನು 2013ರಲ್ಲಿ.

"ಅಪ್ಪಾ, ಹುಡುಗರ ಮುಂದ ಇದೆಲ್ಲಾ ಯಾಕ?" ಎಂದರು ನಮ್ಮವರು, ದನಿ ತಗ್ಗಿಸಿ.

"ಖಾರಾ ನಮ್ಮೂರಿಂದು ಅಂತ ಹೇಳ್ತೀವಿ. ಇದು ಯಾರ ಊರಿಂದು?"

ಮಗನಿಗೆ ಅರ್ಥವಾಗಲಿಲ್ಲ, ಮಳೆಯೆಂದುಕೊಂಡನೋ ಏನೋ. ಮಗಳಿಗೆ ಆಯಿತು. ಬಹಳ ದೂರದವರೆಗೆ ಸುಮ್ಮನೆ ನಡೆದಳು. ಆಮೇಲೆ, "ಅವರ ಮಕ್ಕಳು ಯಾವ ಸಾಲಿಗೆ ಹೋಗ್ತಾರ?" ಎಂದು ಕೇಳಿದಳು. ತಮ್ಮ ತರಗತಿಯಲ್ಲಿ ಅಂಥ ಮನೆಯ ಒಬ್ಬ ಹುಡುಗನಿದ್ದನೆಂದೂ, ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲವೆಂದೂ, ಏಳನೆಯದರ ನಡುವೆ ಬಿಟ್ಟು ಹೋದನೆಂದೂ ಮಾವನವರು ಹೇಳಿದರು. "ಕರಿಯಾಕ ಎರಡ ಸಲ ಹೋಗಿದ್ದೆ" ಎಂದು ಮಾತು ನಿಲ್ಲಿಸಿದರು. ಆ ದಿನವೆಲ್ಲ ಮಾತನಾಡುತ್ತಲೇ ಇದ್ದ ಅವರು ಮುಂದಿನ ಎರಡು ಓಣಿಗಳನ್ನು ಮಾತಿಲ್ಲದೆ ದಾಟಿದರು.

ಸತ್ಯಬೋಧರ ಮಠದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಉತ್ತರಾದಿ ಮಠದ ಸತ್ಯಬೋಧ ತೀರ್ಥರು 1783ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಮಾಧ್ವ ಯತಿಗಳಿಗೆ ನವಾಬರು ನಡೆದುಕೊಳ್ಳುತ್ತಿದ್ದರೆಂಬ ಕಥೆಗಳನ್ನು ಊರಲ್ಲಿ ಎಲ್ಲ ಜಾತಿಯವರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ನಮಗೆ ಹಸಿವೆಯಾಗಿತ್ತು.

ದೊಡ್ಡಹುಣಸೆ ಕಲ್ಮಠದ ಆವರಣವನ್ನು ಮುಟ್ಟುವಷ್ಟರಲ್ಲಿ ಅತ್ತೆಯವರು ಆಗಲೇ ಬಂದು ಜಮಖಾನ ಹಾಸಿ ಕುಳಿತಿದ್ದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಮಗನಿಗಾಗಿ ಪ್ರತ್ಯೇಕವಾಗಿ ಬೆಲ್ಲ ತುಪ್ಪ ಹಚ್ಚಿದ ಚಪಾತಿ. ಆದರೆ ಮಕ್ಕಳು ಬುತ್ತಿಯ ಕಡೆ ನೋಡಲಿಲ್ಲ. ಮಗ ಮರದ ಬುಡಕ್ಕೆ ಓಡಿ, ತಲೆಯೆತ್ತಿ, "ಇದು ಮರ ಅಲ್ಲ, ಆನಿ!" ಎಂದು ಕೂಗಿದ.

ಹುಣಸೆಯೆಂದು ಕರೆದರೂ ಇದು ನಮ್ಮ ಹುಣಸೆಯಲ್ಲ. ಆಫ್ರಿಕಾದ ಬಾವೊಬಾಬ್. ಹಣ್ಣಿನ ತಿರುಳು ಹುಳಿಯಾದ್ದರಿಂದ ಕಂಡವರೆಲ್ಲ ಹುಣಸೆಯೆಂದರು. ಮಾಂಡವಗಡದಲ್ಲಿ ಇದು ಮಾಂಡವದ ಹುಣಸೆ, ಮರಾಠಿಯವರಿಗೆ ಗೋರಖಚಿಂಚ, ನಮ್ಮಲ್ಲಿ ದೊಡ್ಡ ಹುಣಸೆ. ಹೊರಗಿನಿಂದ ಬಂದ ಸೊಸೆಗೆ ಹೊಸ ಹೆಸರಿಟ್ಟು ಮನೆಯವಳನ್ನಾಗಿ ಮಾಡಿಕೊಳ್ಳುವಂತೆ! ಅತ್ತೆಯವರ ಪ್ರಕಾರ, ಶ್ರೀಕೃಷ್ಣ ಪರಮಾತ್ಮನು ಆಫ್ರಿಕಾದಿಂದ ತಂದು ನೆಟ್ಟ ಮರಗಳಿವು. ಅರಬ ವ್ಯಾಪಾರಿಗಳು ತಂದಿರಬೇಕೆಂದು ಮಾವನವರು. ಐವತ್ತು ವರ್ಷಗಳ ಸಂಸಾರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಈ ವಿಷಯದಲ್ಲಿ ಒಪ್ಪಿಸಿಲ್ಲ. ಯಾರು ತಂದರೂ ಹಡಗಿನಲ್ಲಿ ತಂದಿರಬೇಕೆಂದು ಮಗಳು ರಾಜಿ ಮಾಡಿಸಿದಳು.

ಸುತ್ತಳತೆ ನೋಡಬೇಕೆಂದು ಹಟ ಬಂದಿತು. ಅತ್ತೆ, ಮಾವ, ನಾವಿಬ್ಬರು, ಮಕ್ಕಳಿಬ್ಬರು, ಆರು ಜನರೂ ಕೈ ಚಾಚಿ ಹಿಡಿದು ಕಾಂಡಕ್ಕೆ ಅಂಟಿ ನಿಂತೆವು. ಇನ್ನೂ ಬಹಳ ಉಳಿಯಿತು. ದರ್ಶನಕ್ಕೆ ಬಂದಿದ್ದ ನಾಲ್ವರು ಕಾಲೇಜು ಹುಡುಗರು ನಗುತ್ತ ಬಂದು ಸೇರಿದರು. ಆಗ ನನ್ನ ಬೆರಳಿಗೆ ಆ ಕಡೆಯ ಒಬ್ಬ ಹುಡುಗನ ಬೆರಳು ಸಿಕ್ಕಿತು. ಹತ್ತು ಜನ! ಕೆನ್ನೆಯನ್ನು ಕಾಂಡಕ್ಕೆ ಒತ್ತಿ ನಿಂತಿದ್ದ ಮಗ, ಒಳಗೆ ನೀರು ಇದೆಯೆಂದ. ಅದು ಸುಳ್ಳಲ್ಲ. ಈ ಮರ ಮಳೆಗಾಲದ ನೀರನ್ನು ತನ್ನ ಮೆತ್ತನೆಯ ಕಾಂಡದಲ್ಲಿ ತುಂಬಿಟ್ಟುಕೊಂಡು ಒಣಗಾಲವನ್ನು ಕಳೆಯುವ ಜಾತಿ. ಬಿಳಿಯ ದೊಡ್ಡ ಹೂ ರಾತ್ರಿ ಬಿರಿಯುತ್ತದೆ. ಅದಕ್ಕೆ ದುಂಬಿಯ ಕೆಲಸ ಮಾಡುವುದು ಬಾವಲಿ.

ಮೂರು ಮರಗಳು. ಎರಡು ಸಾವಿರ ವರ್ಷದವೆಂದು ಊರು ಹೇಳುತ್ತದೆ. ಕಾಂಡ ಪೊಳ್ಳಾಗುವುದರಿಂದ ಈ ಜಾತಿಯ ವಯಸ್ಸನ್ನು ಉಂಗುರ ಎಣಿಸಿ ಹೇಳಲು ಬರುವುದಿಲ್ಲ. ಇಂಗಾಲದ ಪರೀಕ್ಷೆಯೇ ಬೇಕು. ಜಿಂಬಾಬ್ವೆಯ ಒಂದು ಮರಕ್ಕೆ ಹಾಗೆ ಸುಮಾರು 2,450 ವರ್ಷವೆಂದು ಲೆಕ್ಕ ಸಿಕ್ಕಿದೆ. ಆ ಮರ ಈಗಿಲ್ಲ. ಆಫ್ರಿಕಾದ ಅತಿ ಹಳೆಯ ಹದಿಮೂರು ಬಾವೊಬಾಬ್‌ಗಳ ಪೈಕಿ ಒಂಬತ್ತು, ಹನ್ನೆರಡು ವರ್ಷಗಳ ಅವಧಿಯಲ್ಲಿ, ಪೂರ್ತಿಯಾಗಿಯೋ ತಮ್ಮ ಅತಿ ಹಳೆಯ ಭಾಗವನ್ನು ಕಳೆದುಕೊಂಡೋ ಕುಸಿದುವೆಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ನಮ್ಮ ಮೂರರಲ್ಲಿ ಒಂದು 2023ರ ಜುಲೈ ತಿಂಗಳ ಮಳೆಗೆ ಬುಡಮೇಲಾಗಿ ಬಿತ್ತು. ಆ ದಿನ ಮಾವನವರು ಕೊಡೆ ಹಿಡಿದು ಹೋಗಿ ನೋಡಿಬಂದು, ಮಧ್ಯಾಹ್ನ ಊಟ ಮಾಡಿರಲಿಲ್ಲ. ಆಮೇಲೆ ಊರಿನವರೂ ಅಧಿಕಾರಿಗಳೂ ಸೇರಿ, ಟೊಂಗೆಗಳನ್ನು ಸವರಿ, ಯಂತ್ರಗಳನ್ನು ತಂದು, ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರು. ಬಿದ್ದ ಮರವನ್ನು ಕಡಿದು ಹಂಚಿಕೊಳ್ಳುವುದು ಲೋಕದ ರೂಢಿ. ಸವಣೂರು ಅದನ್ನು ಎಬ್ಬಿಸಿ ನಿಲ್ಲಿಸಿತು. ಹಂಪಿಯ ಬಗ್ಗೆ ಎರಡು ಪುಟ ಬರೆದ ಹುಡುಗಿ ಆ ಮರದ ಮುಂದೆ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದಳು.

"ಇದು ಜೀವಂತ ಐತಿ ಹೌದಲ್ಲೋ ಅಜ್ಜಾ?"

ಆ ಹೊತ್ತಿನಲ್ಲಿ ಹೇಳುವುದು ಹೇಗೆ? ಚಳಿಗಾಲ ಕಳೆಯುವಷ್ಟರಲ್ಲಿ ಬಾವೊಬಾಬ್ ಎಲೆಯನ್ನೆಲ್ಲ ಉದುರಿಸಿ ಬಿಡುತ್ತದೆ. ನಿಂತ ಎರಡು ಮರಗಳೂ ಬೋಳು, ನೆಟ್ಟ ಮರವೂ ಬೋಳು. ಬದುಕಿದ್ದಕ್ಕೂ ಇಲ್ಲದ್ದಕ್ಕೂ ಭೇದ ಕಾಣದ ಕಾಲ ಅದು. ಮಾವನವರು ತೊಗಟೆಯ ಮೇಲೆ ಅಂಗೈ ಇಟ್ಟರು. "ಜೂನ್ ಬರಲಿ. ಮಳಿ ಬಿದ್ದ ಮ್ಯಾಲೆ ಎಲಿ ಹೇಳ್ತೈತಿ."

"ಜೂನದಾಗ ನಾವು ಇಲ್ಲಿ ಇರಂಗಿಲ್ಲ" ಎಂದಳು ಮಗಳು.

ಯಾರೂ ಉತ್ತರ ಕೊಡಲಿಲ್ಲ. ಅತ್ತೆಯವರು ಬುತ್ತಿಯ ಗಂಟು ಬಿಚ್ಚಿ, "ರೊಟ್ಟಿ ಆರಿ ಹೋದ್ವು, ಉಣ್ಣಾಕ ಬರ್ರಿ" ಎಂದು ಕರೆದರು. ಎರಡು ರೊಟ್ಟಿ ತಿನ್ನುವ ನಮ್ಮವರು ಅಂದು ನಾಲ್ಕು ತಿಂದರು. ಬಾಯಿಯಲ್ಲಿ ತುತ್ತಿದ್ದರೆ ಮಾತನಾಡಬೇಕಾಗಿಲ್ಲವಲ್ಲ.

ಸಂಜೆಯ ಮಾತು ಸ್ವಲ್ಪದರಲ್ಲಿ ಮುಗಿಯುತ್ತದೆ. ಮೋತಿ ತಲಾಬಿನ ದಂಡೆಯಲ್ಲಿ, ಮೋತಿಯೆಂದರೆ ಮುತ್ತು ಎಂದು ತಿಳಿದೊಡನೆ, ಮಗ ಪ್ಯಾಂಟು ಮಡಿಚತೊಡಗಿದ. ಹಿಡಿದು ಎಳೆದುಕೊಂಡು ಬರಬೇಕಾಯಿತು. ಪರಿಚಯದವರ ಎಲೆತೋಟಕ್ಕೆ ಹೋದೆವು. ಸವಣೂರಿನ ಎಲೆಯೆಂದರೆ ಹೊರ ರಾಜ್ಯಗಳ ಪೇಟೆಯಲ್ಲಿಯೂ ಹೆಸರಿದೆ. ಹೊರಗೆ ಉರಿಬಿಸಿಲು, ತೋಟದ ಒಳಗೆ ಕಾಲಿಟ್ಟರೆ ಹಸಿ ಮಣ್ಣಿನ ತಂಪು. ಒಂದೊಂದು ಎಲೆಯನ್ನೂ ಉಗುರಿನಿಂದ ಚಿವುಟಿ, ಅಳತೆ ನೋಡಿ, ತಿರುವಿ ಜೋಡಿಸುವ ಹೆಣ್ಣುಮಕ್ಕಳ ಕೈಯ ವೇಗವನ್ನು ನೋಡುತ್ತ ನನ್ನ ಮಗಳು ಎಣಿಸಲು ಹೋಗಿ ನಲವತ್ತಕ್ಕೇ ತಪ್ಪಿದಳು. ಆ ಮೇಲೆ ಖಾರಾ. ಅದನ್ನು ಬಿಟ್ಟು ಸವಣೂರಿನಲ್ಲಿ ಯಾವ ದಿನವೂ ಮುಗಿಯುವುದಿಲ್ಲ. ಅಂಗಡಿಯ ಮುಂದೆ ನಿಂತು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಮನೆಗೊಂದು ಪೊಟ್ಟಣ ಕಟ್ಟಿಸಿದೆವು.

ಮನೆಯಲ್ಲಿ ಮಗನ ಕಿಸೆ ಖಾಲಿ ಮಾಡುವಾಗ ಒಂದು ವಸ್ತು ಸಿಕ್ಕಿತು. ಮಠದ ಆವರಣದಲ್ಲಿ ಬಿದ್ದಿದ್ದ ದೊಡ್ಡ ಹುಣಸೆಯ ಒಡೆದ ಕಾಯಿಯ ಚೂರು. ಮೇಲೆ ಮಖಮಲ್ಲಿನಂಥ ನವಿರು, ಒಳಗೆ ಸುಣ್ಣದ ಪುಡಿಯಂಥ ಬಿಳಿಯ ತಿರುಳು, ತಿರುಳಿನಲ್ಲಿ ಕಪ್ಪು ಬೀಜಗಳು. ತಿರುಳನ್ನು ಚೀಪಿದವನಿಗೆ ಮುಖ ಹಿಂಡಿತು. ಬೀಜಗಳನ್ನು ಮಾವನವರು ತೆಗೆದಿಟ್ಟುಕೊಂಡರು. ಅವುಗಳ ಸಿಪ್ಪೆ ಕಲ್ಲಿನಂತೆ ಗಟ್ಟಿ. ಸುಮ್ಮನೆ ಮಣ್ಣಿಗೆ ಹಾಕಿದರೆ ಬಹುಕಾಲ ಮಲಗಿಯೇ ಇರುತ್ತವೆ. ಅಜ್ಜ ಮೊಮ್ಮಗಳು ಕುಳಿತು ಒಂದೊಂದನ್ನೂ ಉಗುರು ಕತ್ತರಿಯಿಂದ ತುಸು ಕೆರೆದು, ಬಿಸಿನೀರಿನಲ್ಲಿ ಹಾಕಿ ರಾತ್ರಿಯೆಲ್ಲ ನೆನೆಸಿ, ಹಿತ್ತಿಲಿನಲ್ಲಿ ಹಾಲಿನ ಪಾಕೀಟುಗಳಿಗೆ ಮಣ್ಣು ತುಂಬಿ ಊರಿದರು. ಒಂಬತ್ತು ಬೀಜ. ಏಪ್ರಿಲಿನಲ್ಲಿ ಮೂರು ಮೊಳೆತವು. ಮರದ ಎಲೆ ಅಂಗೈಯಂತೆ ಐದು ಬೆರಳಿನದು ಎಂದು ಕೇಳಿದ್ದ ಮಗಳಿಗೆ, ಸಸಿಯ ಎಲೆ ಒಂದೇ ಬೆರಳಿನಂತೆ ಇರುವುದನ್ನು ಕಂಡು ನಿರಾಶೆಯಾಯಿತು. ಬೆಳೆದ ಮೇಲೆ ಬೆರಳು ಒಡೆಯುತ್ತವೆಂದು ಅಜ್ಜ ಸಮಾಧಾನ ಹೇಳಿದರು.

ಒಂದು ಸಸಿ ಹಿತ್ತಿಲಿನಲ್ಲಿ ಉಳಿಯಿತು. ಪಾತ್ರೆ ತೊಳೆದ ನೀರನ್ನು ಅತ್ತೆಯವರು ಅದಕ್ಕೇ ಹಾಕುತ್ತಾರೆ. ಎರಡು ನಮ್ಮೊಡನೆ ಬೆಂಗಳೂರಿಗೆ ಬಂದು, ಎರಡನೆಯ ಮಹಡಿಯ ಬಾಡಿಗೆ ಮನೆಯ ಗ್ಯಾಲರಿಯಲ್ಲಿ ಕುಂಡದಲ್ಲಿ ನಿಂತಿವೆ. ಮನೆಯ ಯಜಮಾನರು ಗಿಡಗಳ ಪ್ರೇಮಿಗಳು. ಮೊನ್ನೆ ನೋಡಲು ಬಂದವರು, "ಚೆನ್ನಾಗಿದೆ, ಯಾವ ಗಿಡ?" ಎಂದು ವಿಚಾರಿಸಿದರು. "ನಮ್ಮ ಊರಿಂದರೀ" ಎಂದಳು ಮಗಳು. ಎಷ್ಟು ದಪ್ಪ ಬೆಳೆಯುತ್ತದೆಂಬುದನ್ನು ನಾವು ಅವರಿಗೆ ಇನ್ನೂ ತಿಳಿಸಿಲ್ಲ.